ಪುಣೆಯಲ್ಲಿ ಮಾರ್ಚ್–ಏಪ್ರಿಲ್ ಹೊತ್ತಿಗೆ ಅಪರೂಪದ ವಾರ್ಬ್ಲರ್ ನೋಡುವುದು ಹೇಗೆ?

ಚಳಿಗಾಲ ಕಳೆದು ವಾರ್ಬ್ಲರ್‌ಗಳು (ಕನ್ನಡದಲ್ಲಿ ಉಲಿಯಕ್ಕಿ, ಹುಳ ತಿನ್ನುವ ಪುಟ್ಟ ಹಕ್ಕಿಗಳು) ವಾಪಸ್ ಹೊರಡುವ ಹೊತ್ತಿಗೆ ಪುಣೆಯ ಸುತ್ತ ಅಪರೂಪದವು ಎಲ್ಲಿ ಸಿಗುತ್ತವೆ, ಎಲ್ಲಾ ಒಂದೇ ಥರ ಕಾಣುತ್ತವಲ್ಲ, ಗುರುತು ಹಿಡಿಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಧಾರವಾಡದವನು, 11 ವರ್ಷದಿಂದ ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ವಾರಕ್ಕೆ ಎರಡು ದಿನವಾದರೂ ಬೆಳಿಗ್ಗೆ ಅಲ್ಲಿನ ವೇತಾಳ ಟೇಕಡಿ ಅನ್ನೋ ಗುಡ್ಡ ಹತ್ತುತ್ತೇನೆ. ಅಲ್ಲಿ ಕಲಿತದ್ದನ್ನೇ ಹೇಳುತ್ತೇನೆ. ಮೊದಲು ಎರಡೇ ಎರಡು ಮಾಮೂಲಿ ಉಲಿಯಕ್ಕಿಗಳ ದನಿ ಬಾಯಿಪಾಠ ಆಗಬೇಕು. ಅವು ಕಿವಿಗೆ ಕೂತ ಮೇಲೆ ಬೇರೆಯದು ತಾನಾಗಿ ಬೇರೆ ಅನ್ನಿಸುತ್ತದೆ.

ಒಂದು ಗ್ರೀನಿಶ್ ವಾರ್ಬ್ಲರ್. 8 ಗ್ರಾಂ ಆಸುಪಾಸಿನ ಹಕ್ಕಿ, ಮರದ ಮೇಲ್ಗಡೆ ಎಲೆಗಳ ನಡುವೆ ಒಂದು ಕಡೆ ನಿಲ್ಲದೆ ಓಡಾಡುತ್ತಾ ‘ಚಿಸ್ವಿಟ್, ಚಿಸ್ವಿಟ್’ ಅನ್ನುತ್ತಿರುತ್ತದೆ. ಚಳಿಗಾಲ ಪೂರ್ತಿ ತನ್ನದೇ ಒಂದಿಷ್ಟು ಮರಗಳನ್ನು ಹಿಡಿದುಕೊಂಡು, ಬೇರೆಯವರು ಬರದ ಹಾಗೆ ಕೂಗಿ ಕೂಗಿ ಕಾಯುತ್ತದೆ. ಅದಕ್ಕೇ ಅಷ್ಟು ಕೇಳಿಸೋದು. ಇನ್ನೊಂದು ಬ್ಲಿತ್ಸ್ ರೀಡ್ ವಾರ್ಬ್ಲರ್. ಕಂದು ಬಣ್ಣ, ಪೊದೆಯೊಳಗೇ ಇರುತ್ತದೆ, ‘ಟಕ್… ಟಕ್’ ಅಂತ ನಾಲಿಗೆ ಚಪ್ಪರಿಸಿದ ಹಾಗೆ ಶಬ್ದ. ಏಪ್ರಿಲ್‌ನಲ್ಲಿ ಹೊರಡುವ ಮುಂಚೆ ಇದು ಹಾಡೋಕೆ ಶುರು ಮಾಡುತ್ತದೆ, ಬೇರೆ ಹಕ್ಕಿಗಳ ದನಿಗಳನ್ನೆಲ್ಲ ಕದ್ದು ಒಂದೊಂದನ್ನೂ ಎರಡು ಮೂರು ಸಲ ಹೇಳಿ ಹಾಡುತ್ತದೆ, ಅದನ್ನು ಕೇಳೋಕೆ ಅಂತಲೇ ಬೆಳಿಗ್ಗೆ ಬೇಗ ಏಳಬಹುದು.

ಬಣ್ಣ ನೋಡಿ ಗುರುತು ಹಿಡಿಯೋಕೆ ಹೋದರೆ ಕೆಲಸ ಕೆಡುತ್ತದೆ. ಈ ಕಾಲಕ್ಕೆ ಗರಿ ಸವೆದಿರುತ್ತದೆ, ಗ್ರೀನಿಶ್‌ನ ರೆಕ್ಕೆ ಮೇಲಿನ ತೆಳು ಬಿಳಿ ಗೆರೆ ಕೆಲವು ಸಲ ಕಾಣಿಸುವುದೇ ಇಲ್ಲ. ಎಲ್ಲಿ ಕೂತಿದೆ, ಹೇಗೆ ಓಡಾಡುತ್ತಿದೆ, ಅದನ್ನು ನೋಡಿ.

ಇದು ನನಗೆ ಗೊತ್ತಾಗಿದ್ದು ಟೇಕಡಿಯ ಹಳೇ ಕಲ್ಲುಗಣಿಯ ಹತ್ತಿರ. ಮಾರ್ಚ್ ತಿಂಗಳು, ಬಿಸಿಲು ಇನ್ನೂ ಏರಿರಲಿಲ್ಲ. ಬಂಡೆಯ ಬಿರುಕಿನಿಂದ ಇಲಿಮರಿ ಥರ ಏನೋ ಹೊರಗೆ ಬಂತು. ಕಡಿದಾದ ಕಲ್ಲಿನ ಮೇಲೆ ಅಡ್ಡಡ್ಡ ಜಿಗಿಯುತ್ತಾ ಸಂದಿಸಂದಿಗೆ ಕೊಕ್ಕು ಹಾಕಿ ಹುಳ ತೆಗೆಯುತ್ತಿತ್ತು. ದುರ್ಬೀನು ಇಟ್ಟು ನೋಡಿದರೆ ಉಲಿಯಕ್ಕಿ! ಬೆನ್ನು ಬಂಡೆಯದೇ ಬಣ್ಣ, ಹೊಟ್ಟೆ ಮಾಸಿದ ಹಳದಿ, ಹುಬ್ಬಿನ ಗೆರೆ ಕೊಕ್ಕಿನ ಹತ್ತಿರ ಬರುವಾಗ ಅರಿಶಿನಕ್ಕೆ ಚೂರು ಕುಂಕುಮ ಬೆರೆತ ಹಾಗೆ. ಸಲ್ಫರ್ ಬೆಲ್ಲೀಡ್ ವಾರ್ಬ್ಲರ್. ಮಧ್ಯ ಏಷ್ಯಾದ, ಹಿಮಾಲಯದ ಕಲ್ಲುಬೆಟ್ಟಗಳಲ್ಲಿ ಮರಿ ಮಾಡುವ ಹಕ್ಕಿ, ಇಲ್ಲಿಗೆ ಬಂದರೂ ಕಲ್ಲನ್ನೇ ಹುಡುಕಿಕೊಳ್ಳುತ್ತದೆ. ಅಪರೂಪದವುಗಳಲ್ಲಿ ನೀವೂ ಇದರಿಂದಲೇ ಶುರು ಮಾಡಿ. ಬಂಡೆ, ಪಾಳು ಗೋಡೆ, ದಪ್ಪ ಮರದ ಕಾಂಡ ಹತ್ತಿ ಇಳಿಯುವ ಉಲಿಯಕ್ಕಿ ಕಂಡರೆ ಬಹುಮಟ್ಟಿಗೆ ಇದೇ.

ಇನ್ನು ಪುಣೆ ಹತ್ತಿರದ ಸಾಸವಡ ಕಡೆಯ ಒಣ ಬಯಲು, ಜಾಲಿಗಿಡಗಳು. ಅಲ್ಲಿ ದಪ್ಪ ಕೊಕ್ಕು, ಕಪ್ಪು ತಲೆಯ ದೊಡ್ಡ ಉಲಿಯಕ್ಕಿ ಜಾಲಿಯೊಳಗೆ ನಿಧಾನಕ್ಕೆ ಸರಿದಾಡುತ್ತಿದ್ದರೆ ಓರ್ಫಿಯನ್ ವಾರ್ಬ್ಲರ್. ಮಾಸಲು ಬಣ್ಣದ, ಉದ್ದ ಕೊಕ್ಕಿನದು ಕಂಡರೆ ಸೈಕ್ಸ್ ವಾರ್ಬ್ಲರ್ ಇರಬಹುದು. ಇದರ ಮೇಲೆ ನನಗೆ ವಿಶೇಷ ಪ್ರೀತಿ. ಸೈಕ್ಸ್ ಅನ್ನುವ ಸೇನಾಧಿಕಾರಿ ದಖ್ಖನ್ನಿನ ಹಕ್ಕಿಗಳ ಬಗ್ಗೆ ಬರೆದದ್ದು 1832ರಲ್ಲಿ, ಈ ಹಕ್ಕಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದೇ ಆಗ. ಬ್ಲಿತ್ಸ್ ರೀಡ್ ಜೊತೆ ಇದನ್ನು ಅದಲುಬದಲು ಮಾಡಿಕೊಳ್ಳೋದು ತುಂಬಾ ಸುಲಭ, ಬಾಲ ನೋಡಿ. ಸೈಕ್ಸ್‌ನ ಬಾಲದ ತುದಿ ನೇರ, ಅಂಚಿನ ಗರಿ ತುಸು ಬಿಳಿ. ಬ್ಲಿತ್ಸ್‌ನದು ದುಂಡಗೆ.

ಮುಳಶಿ ಕಡೆ ಸಹ್ಯಾದ್ರಿಯ ಕಾಡಿಗೆ ಹೋದರೆ ವೆಸ್ಟರ್ನ್ ಕ್ರೌನ್ಡ್ ವಾರ್ಬ್ಲರ್ ಸಿಗುತ್ತದೆ, ನೆತ್ತಿಯ ಮಧ್ಯ ಮಾಸಲು ಗೆರೆ, ರೆಕ್ಕೆ ಮೇಲೆ ಎರಡು ಪಟ್ಟಿ. ನಿಜವಾಗಿ ಅಪರೂಪದ್ದು ಟೈಟ್ಲರ್ಸ್ ವಾರ್ಬ್ಲರ್. ಮರಿ ಮಾಡೋದು ಕಾಶ್ಮೀರದ ಆಸುಪಾಸಿನ ಹಿಮಾಲಯದಲ್ಲಿ ಮಾತ್ರ, ಚಳಿಗಾಲಕ್ಕೆ ನಮ್ಮ ಪಶ್ಚಿಮ ಘಟ್ಟ. ರೆಕ್ಕೆ ಮೇಲೆ ಪಟ್ಟಿ ಇಲ್ಲ, ಕೊಕ್ಕು ಸಣ್ಣಗೆ ಉದ್ದ. ಹೋದ ವರ್ಷ ಮುಳಶಿಯಲ್ಲಿ ಅಂಥ ಒಂದನ್ನು ಹತ್ತು ನಿಮಿಷ ನೋಡಿದೆ. ಕೊಕ್ಕು ಸರಿ ಇತ್ತು, ಪಟ್ಟಿ ಇರಲಿಲ್ಲ, ಆದರೆ ಒಂದು ಸಲವೂ ಕೂಗಲಿಲ್ಲ. ಪಟ್ಟಿ ಸವೆದ ಗ್ರೀನಿಶ್ ಕೂಡ ಆಗಿರಬಹುದಲ್ವಾ? ಪುಸ್ತಕದಲ್ಲಿ ‘ಎಲೆ ಉಲಿಯಕ್ಕಿ’ ಅಂತ, ಅಂದರೆ ಇವೆರಡೂ ಸೇರುವ ಗುಂಪಿನ ಹೆಸರನ್ನಷ್ಟೇ ಬರೆದುಕೊಂಡೆ. ನೀವೂ ಹಾಗೇ ಮಾಡಿ, ಸುಮ್ನೆ ಹೆಸರು ಹಚ್ಚಬೇಡಿ. ಒಬ್ಬರ ತಪ್ಪು ದಾಖಲೆ ನಂಬಿ ಮುಂದಿನ ಭಾನುವಾರ ಹತ್ತು ಜನ ಗಾಡಿ ತಗೊಂಡು ಬರುತ್ತಾರೆ.

ಒಂದು ಮಾತು ಕೈಮುಗಿದು ಕೇಳುತ್ತೇನೆ, ಮೊಬೈಲಿನಲ್ಲಿ ಅದರ ದನಿ ಹಾಕಿ ಕರೆಯಬೇಡಿ. ಸಾವಿರಾರು ಕಿಲೋಮೀಟರ್ ಹಾರೋಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವ ದಿನಗಳಿವು. ಇನ್ನೊಂದು ಹಕ್ಕಿ ಬಂತು ಅಂತ ತಿಳಿದು ಜಗಳಕ್ಕೆ ಓಡಿ ಬಂದರೆ ಅಷ್ಟು ಹೊತ್ತು ತಿನ್ನೋದು ನಿಂತ ಹಾಗೆ.

ದನಿ ಹಾಕುವ ಅಗತ್ಯವೂ ಇಲ್ಲ. ಟೇಕಡಿಯಲ್ಲಿ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಬೇಕಾದಷ್ಟಿದೆ, ಚಿಗುರಿಗೆ ಗಿಡಹೇನು ಹತ್ತಿದ ಗಿಡ ಒಂದನ್ನು ಹುಡುಕಿ, ಅದನ್ನು ತಿನ್ನೋಕೆ ಉಲಿಯಕ್ಕಿಗಳು ತಾವೇ ಬರುತ್ತವೆ. ಬೆಳಿಗ್ಗೆ ಏಳರ ಒಳಗೆ ಹೋಗಿ, ಸೂರ್ಯನಿಗೆ ಬೆನ್ನು ಮಾಡಿ ಅರ್ಧ ಗಂಟೆ ಅಲ್ಲಾಡದೆ ನಿಲ್ಲಿ. 8×42 ದುರ್ಬೀನು (ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು) ಸಾಕು, ಜಾಸ್ತಿ ದೊಡ್ಡದು ಬೇಡ, ಇಷ್ಟು ಚುರುಕು ಹಕ್ಕಿಯ ಹಿಂದೆ ಕೈ ಓಡುವುದಿಲ್ಲ. ಮೇ ಶುರುವಾಗುವ ಹೊತ್ತಿಗೆ ಹೆಚ್ಚಿನವು ಹೊರಟುಹೋಗಿರುತ್ತವೆ, ಆಮೇಲೆ ಸೆಪ್ಟೆಂಬರ್‌ವರೆಗೆ ಕಾಯಬೇಕು. ಹಾಗಾಗಿ ಈ ವಾರವೇ ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ.