ಬಾವಿ ಒಬ್ಬರದು, ದುಡಿಮೆ ಇನ್ನೊಬ್ಬರದು

ಓದುಗರ ಪತ್ರ: ನಾನು ಗದಗ ಜಿಲ್ಲೆಯಲ್ಲಿ ಶಾಲಾ ಶಿಕ್ಷಕಿ. ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದಾನೆ. ಆಯಿಲ್‌ಫೀಲ್ಡ್ ಸರ್ವಿಸ್ ಕಂಪನಿಯೊಂದರಲ್ಲಿ ಟ್ರೇನಿ ಫೀಲ್ಡ್ ಎಂಜಿನಿಯರ್ ಕೆಲಸ ಸಿಕ್ಕಿದೆ. ಲಾಗಿಂಗ್ ವಿಭಾಗವಂತೆ. ಮೊದಲು ರಾಜಸ್ಥಾನದ ಬಾರ್ಮೇರ್, ಆಮೇಲೆ ಎಲ್ಲಿಗೋ ಗೊತ್ತಿಲ್ಲ. ಇದು ಒಎನ್‌ಜಿಸಿ ಇದ್ದ ಹಾಗೇನಾ? ಅವನ ಸಂಬಳ ನಂಬಿ ಮನೆ ಸಾಲ ತೆಗೆಯಬಹುದಾ? ದಿನಗಟ್ಟಲೆ ಫೋನಿಗೆ ಸಿಗುವುದಿಲ್ಲ ಅಂತ ಹೇಳುತ್ತಾರೆ. ನಿಜವಾ?

ಸಂಪಾದಕರ ಉತ್ತರ:

ಅಕ್ಕೋರೇ, ನಮಸ್ಕಾರ. ನಿಮ್ಮ ಶಾಲೆಯ ಮಕ್ಕಳು ಕರೆಯುವ ಹಾಗೇ ಕರೆದಿದ್ದೇನೆ. ನನ್ನ ಸ್ವಂತ ತಮ್ಮ 2007ರಿಂದ ಒಂಬತ್ತು ವರ್ಷ ಇದೇ ಕೆಲಸದಲ್ಲಿದ್ದ. ನೀವು ಕೇಳಿದ್ದನ್ನೆಲ್ಲ ನಮ್ಮವ್ವ ಅವತ್ತು ನನ್ನನ್ನು ಕೇಳಿದ್ದಳು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ಸರ್ಕಾರಿ ಎಣ್ಣೆ ಕಂಪನಿ ಒಎನ್‌ಜಿಸಿ ಥರದ ಕೆಲಸ ಅಲ್ಲ. ನಿಮ್ಮ ಕಡೆ ಹೊಲದಲ್ಲಿ ಬೋರ್ ಕೊರೆಸುವುದನ್ನು ನೋಡಿರುತ್ತೀರಿ. ಹೊಲ ರೈತನದು. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ ಲಾರಿ ಬೇರೆಯವರದು. ನೀರು ಬಿದ್ದರೂ ಬೀಳದಿದ್ದರೂ ಲಾರಿಯವರಿಗೆ ಅಡಿ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ಆದರೆ ರೈತನ ಕೈ ಖಾಲಿಯಾದರೆ ಮೊದಲು ನಿಲ್ಲುವುದು ಆ ಲಾರಿಯೇ, ಅಲ್ವಾ? ಎಣ್ಣೆ ಬಾವಿಯಲ್ಲೂ ಹೀಗೇ. ಒಎನ್‌ಜಿಸಿ, ಆಯಿಲ್ ಇಂಡಿಯಾ, ಬಾರ್ಮೇರ್‌ನಲ್ಲಿ ವೇದಾಂತದ ಕೇರ್ನ್, ಇವರೆಲ್ಲ ಹೊಲದ ರೈತರ ಜಾಗದಲ್ಲಿದ್ದಾರೆ. ಸ್ಲಂಬರ್ಜೆ (ಈಗಿನ ಹೆಸರು ಎಸ್‌ಎಲ್‌ಬಿ), ಹ್ಯಾಲಿಬರ್ಟನ್, ಬೇಕರ್ ಹ್ಯೂಸ್‌ನಂಥವರು ಲಾರಿಯ ಕಡೆಯವರು. ಅದರಲ್ಲೂ ಕೆಲಸ ಹಂಚಿಹೋಗಿದೆ. ಕೊರೆಯುವ ಯಂತ್ರ ರಿಗ್ ಒಬ್ಬರದು, ಕೊರೆಯುವಾಗ ಬಿಡುವ ಮಡ್ ಎಂಬ ಕೆಸರಿನಂಥ ದ್ರವ ಇನ್ನೊಬ್ಬರದು, ಬಾವಿಗೆ ಇಳಿಸುವ ಉಕ್ಕಿನ ಕೊಳವೆ ಅಂದರೆ ಕೇಸಿಂಗ್ ಹಿಂದೆ ಸಿಮೆಂಟ್ ತುಂಬುವವರು ಮತ್ತೊಬ್ಬರು.

ನಿಮ್ಮ ಮಗನ ಪಾಲಿಗೆ ಬಂದಿರುವುದು ಲಾಗಿಂಗ್. ಉದ್ದನೆಯ ಉಪಕರಣಗಳನ್ನು ಕೇಬಲ್ ಕಟ್ಟಿ ಬಾವಿಗೆ ಇಳಿಸುತ್ತಾರೆ. ಕೆಳಗಿನ ಕಲ್ಲಿನಲ್ಲಿ ಎಣ್ಣೆ ಇದೆಯೋ, ನೀರಿದೆಯೋ ಅಂತ ಅಳೆಯುತ್ತಾ ಮೇಲೆಳೆಯುತ್ತಾರೆ. 1927ರಲ್ಲಿ ಫ್ರಾನ್ಸಿನ ಪೆಶೆಲ್‌ಬ್ರಾನ್ ಎಂಬಲ್ಲಿ ಸ್ಲಂಬರ್ಜೆ ಅಣ್ಣತಮ್ಮಂದಿರ ತಂಡ ಮೊದಲ ಸಲ ಹೀಗೆ ಬಾವಿಯ ಒಳಗನ್ನು ವಿದ್ಯುತ್ತಿನಿಂದ ಅಳೆಯಿತು. ಉಪಕರಣಗಳು ಬದಲಾಗಿವೆ. ಕೇಬಲ್ ಕಟ್ಟಿ ಇಳಿಸುವುದು ಇವತ್ತಿಗೂ ಇದೆ.

ಕೆಲಸಕ್ಕೆ ಹೊತ್ತುಗೊತ್ತು ಇಲ್ಲ. ರಾತ್ರಿ ಎರಡಕ್ಕೆ ಜಾಬ್, ಅಂದರೆ ಯಾವುದೋ ಬಾವಿಯ ಕೆಲಸ, ಬಂದಿದೆ ಅಂತ ಕರೆ ಬರುತ್ತದೆ. ಕಂಪನಿಯ ನೆಲೆ, ಅಂದರೆ ಬೇಸ್‌ನಿಂದ ಟ್ರಕ್ಕು ಹೊರಡುತ್ತದೆ. ರಿಗ್ ತಲುಪಿದರೆ ಹಿಂದಿನವರ ಕೆಲಸ ಮುಗಿದಿರುವುದಿಲ್ಲ. ಅರ್ಧ ದಿನ ಸುಮ್ನೆ ಕೂರಬೇಕು. ಅವರು ಬಾವಿ ಬಿಟ್ಟುಕೊಟ್ಟ ಕೂಡಲೇ ಶುರು ಮಾಡಬೇಕು, ಆಗ ನಿದ್ದೆ ಬರುತ್ತಿದೆ ಅನ್ನುವ ಹಾಗಿಲ್ಲ. ರಿಗ್‌ಗೆ ದಿನ ಲೆಕ್ಕದ ಬಾಡಿಗೆ. ಬಾವಿಯ ಒಡೆಯರ ಪರವಾಗಿ ಅಲ್ಲಿರುವ ‘ಕಂಪನಿ ಮ್ಯಾನ್’ ಗಡಿಯಾರ ನೋಡುತ್ತಲೇ ಇರುತ್ತಾನೆ. ಗುಜರಾತಿನ ಮೆಹಸಾಣಾದಲ್ಲಿ ನನ್ನ ತಮ್ಮ ಮೊದಲ ವರ್ಷವೇ 30 ಗಂಟೆ ಕಣ್ಣು ಮುಚ್ಚದೆ ಒಂದು ಜಾಬ್ ಮುಗಿಸಿದ. ಉಪಕರಣ ಕೆಳಗೆ ಸಿಕ್ಕಿಹಾಕಿಕೊಂಡಿತ್ತು. ಮರುದಿನ ಫೋನಿನಲ್ಲಿ ಅತ್ತುಬಿಟ್ಟ. ಆದರೆ ಇಪ್ಪತ್ತೈದು ತುಂಬುವ ಮೊದಲೇ, ತನಗಿಂತ ದೊಡ್ಡವರಿದ್ದ ತಂಡವನ್ನು ಅವನೇ ನಡೆಸುತ್ತಿದ್ದ. ಕಚೇರಿಯಲ್ಲಿ ಹತ್ತು ವರ್ಷ ಕೂತರೂ ಬರದ ಧೈರ್ಯ ಅವನಿಗೆ ಎರಡು ವರ್ಷದಲ್ಲಿ ಬಂತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಫೋನಿನ ಮಾತು. ಎಣ್ಣೆ ಒಳಗೆ ಬರಲಿ ಅಂತ ಬಾವಿಯೊಳಗಿನ ಕೇಸಿಂಗ್‌ಗೆ ತೂತು ಮಾಡಲು ಸ್ಫೋಟಕ ಇಳಿಸುತ್ತಾರೆ. ಆ ಹೊತ್ತಿನಲ್ಲಿ ಮೊಬೈಲ್, ವಾಕಿಟಾಕಿ ಎಲ್ಲ ಬಂದ್. ರೇಡಿಯೋ ಅಲೆ ತಗುಲಿ ಸ್ಫೋಟಕ ಮೇಲೇ ಸಿಡಿಯಬಾರದು ಅಂತ. ಹಾಗಾಗಿ ಫೋನ್ ಸ್ವಿಚ್ ಆಫ್ ಬಂದರೆ ಏನೋ ಆಗಿದೆ ಅಂತ ಅಂದುಕೊಳ್ಳಬೇಡಿ. ಎಷ್ಟೋ ಸಲ ಎಲ್ಲರೂ ನಿಯಮ ಪಾಲಿಸುತ್ತಿದ್ದಾರೆ ಅಂತಲೇ ಅದರ ಅರ್ಥ.

ಅಪಾಯ ಇಲ್ಲ ಅಂತ ನಿಮಗೆ ಸುಳ್ಳು ಹೇಳಲಾರೆ. ಕೆಲವು ಉಪಕರಣಗಳಲ್ಲಿ ವಿಕಿರಣದ ಮೂಲ ಇರುತ್ತದೆ. ಅದನ್ನು ಉದ್ದನೆಯ ಕೋಲಿನಿಂದಲೇ ಮುಟ್ಟಬೇಕು, ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜ್ ಇರಲೇಬೇಕು. ಕೆಲವು ಬಾವಿಗಳಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಅದಕ್ಕೇ ಮೂಗನ್ನು ನಂಬದೆ ಕಾಲರ್‌ಗೆ ಮೀಟರ್ ಸಿಕ್ಕಿಸಿಕೊಳ್ಳುತ್ತಾರೆ. ನನ್ನ ತಮ್ಮ ಹೆದರುತ್ತಿದ್ದದ್ದು ಮಾತ್ರ ರಸ್ತೆಗೆ. ರಾತ್ರಿಯೆಲ್ಲ ದುಡಿದು ಬೆಳಗಿನ ಜಾವ ಬೇಸ್‌ಗೆ ವಾಪಸ್ ಬರುವ ರಸ್ತೆಗೆ.

2010ರ ಏಪ್ರಿಲ್ 20ರಂದು ಅಮೆರಿಕದ ಬಳಿ ಸಮುದ್ರದಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸಿಡಿಯಿತು. ಬಾವಿ ಬಿಪಿ ಕಂಪನಿಯದು. ಸತ್ತ 11 ಜನರಲ್ಲಿ ಬಿಪಿಯವರು ಒಬ್ಬರೂ ಇರಲಿಲ್ಲ. 9 ಜನ ರಿಗ್ ಕಂಪನಿಯವರು, ಇಬ್ಬರು ಮಡ್ ಕೆಲಸಕ್ಕೆ ಬಂದವರು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಈ ಕಂಪನಿಗಳಲ್ಲಿ ಒಂದು ನಿಯಮ ಇದೆ. ಏನೋ ಸರಿಯಿಲ್ಲ ಅನ್ನಿಸಿದರೆ ನಿನ್ನೆ ಸೇರಿದ ಟ್ರೇನಿಯೂ ಕೆಲಸ ನಿಲ್ಲಿಸಿ ಅನ್ನಬಹುದು. ಕಾಗದದ ಮೇಲೆ ಎಲ್ಲರಿಗೂ ಇರುವ ಈ ಹಕ್ಕನ್ನು ಬಳಸಲು ಹೊಸ ಹುಡುಗರು ನಾಚುತ್ತಾರೆ. ದೊಡ್ಡವರ ಎದುರು ಮಾತಾಡಬಾರದು ಅಂತ ನಾವೇ ಕಲಿಸಿರುತ್ತೇವೆ. ಅಲ್ಲಿ ಆ ಪಾಠ ಬೇಡ, ನಿಲ್ಲಿಸಿ ಅನ್ನಪ್ಪ ಅಂತ ನೀವೇ ಬಾಯಿಬಿಟ್ಟು ಹೇಳಿ. ಅಮ್ಮ ಹೇಳಿದರೆ ನೆನಪಿರುತ್ತದೆ.

ಸಾಲದ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಈಗಲೇ ತೆಗೆಯಬೇಡಿ. ಈ ಕೆಲಸದಲ್ಲಿ ಮೂಲ ಸಂಬಳ ಒಂದು, ರಿಗ್ ಮೇಲೆ ಕಳೆದ ದಿನಕ್ಕೋ ಮಾಡಿದ ಜಾಬಿಗೋ ಸಿಗುವ ಭತ್ಯೆ ಇನ್ನೊಂದು. ಜಾಬ್ ಇಲ್ಲದ ತಿಂಗಳು ಆ ಭತ್ಯೆ ಇಲ್ಲ. ಎಣ್ಣೆಯ ಬೆಲೆ ಬಿದ್ದರೆ ಕೆಲಸವೇ ಇಲ್ಲದೆ ಹೋಗಬಹುದು. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರಿಗಿಂತ ಜಾಸ್ತಿ ಇತ್ತು. 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಂತು. ಆ ವರ್ಷವೇ ನನ್ನ ತಮ್ಮನ ಕೆಲಸ ಹೋಯಿತು. ಆಗ ಒಮಾನಿನಲ್ಲಿದ್ದ. ಒಳ್ಳೆಯ ಹೆಸರಿತ್ತು, ತಪ್ಪು ಏನೂ ಮಾಡಿರಲಿಲ್ಲ. ಅವನ ಫ್ಲ್ಯಾಟಿನ ಕಂತು ಎಂಟು ತಿಂಗಳು ನಾನು ಮತ್ತು ಅಪ್ಪ ಕಟ್ಟಿದೆವು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಎಣ್ಣೆಯ ಬೆಲೆ ಒಂದು ದಿನ ಸೊನ್ನೆಗಿಂತಲೂ ಕೆಳಗಿಳಿಯಿತು. ಅದೇ ಜುಲೈನಲ್ಲಿ ಸ್ಲಂಬರ್ಜೆ 21,000ಕ್ಕೂ ಹೆಚ್ಚು ಕೆಲಸ ಕಡಿತ ಮಾಡುವುದಾಗಿ ಹೇಳಿತು.

ಹಾಗಂತ ಕೆಲಸಕ್ಕೆ ಹೋಗಬೇಡ ಅನ್ನಬೇಡಿ. ಹೋಗಲಿ. ಎರಡು ವರ್ಷ ಮೂಲ ಸಂಬಳದಲ್ಲಿ ಬದುಕಿ, ಭತ್ಯೆಯನ್ನು ಬೇರೆ ಖಾತೆಯಲ್ಲಿ ಇಡಲಿ. ಆಮೇಲೆ ಮನೆ ಯೋಚಿಸಿ. ಕಂತು ನಿಮ್ಮೊಬ್ಬರ ಸಂಬಳದಲ್ಲೂ ಕಟ್ಟುವ ಹಾಗಿರಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ನಡುವೆ ಬಿಟ್ಟರೆ ತರಬೇತಿ ಖರ್ಚು ವಾಪಸ್ ಕೊಡಬೇಕೇ ಅನ್ನುವುದನ್ನು ಓದಲಿ. ರಜೆಯ ಲೆಕ್ಕವನ್ನೂ ಕೇಳಲಿ. ಕೆಲವು ಕಡೆ 28 ದಿನ ಕೆಲಸ, 28 ದಿನ ರಜೆ. ಕೆಲವು ಕಡೆ ಅಂಥ ಸುತ್ತೇ ಇಲ್ಲ, ಕರೆದಾಗ ಹೋಗಬೇಕು.

ಹಬ್ಬಕ್ಕೆ ಬರುತ್ತಾನೆ ಅಂತ ಕಾಯಬೇಡಿ. ನಮ್ಮನೆಯಲ್ಲಿ ತಮ್ಮ ಬಂದ ದಿನವೇ ಹೋಳಿಗೆ ಆಗುತ್ತಿತ್ತು, ಒಂದು ವರ್ಷ ದೀಪಾವಳಿ ಹೋಳಿಗೆ ಸಂಕ್ರಾಂತಿ ಕಳೆದ ಮೇಲೆ ಆಯಿತು.

ಬಾರ್ಮೇರ್‌ನ ಎಣ್ಣೆ ಮೇಣದಂಥದ್ದು, ತಣ್ಣಗಾದರೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೇ ಗುಜರಾತಿನ ಕಡಲತೀರದವರೆಗೆ ಸುಮಾರು 670 ಕಿಲೋಮೀಟರ್ ಉದ್ದದ ಪೈಪನ್ನು ಬಿಸಿಯಾಗಿಯೇ ಇಡುತ್ತಾರೆ. ಮರುಭೂಮಿಯ ಚಳಿಗಾಲದ ರಾತ್ರಿ ಮನುಷ್ಯರಿಗೂ ಕಷ್ಟವೇ. ದಪ್ಪನೆಯ ಕಂಬಳಿ ಕಟ್ಟಿ ಕಳಿಸಿ. ಅವನ ಮೊಬೈಲ್ ನಂಬರಿನ ಜೊತೆಗೆ ಬೇಸ್ ಆಫೀಸಿನ ನಂಬರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಅಲ್ಲಿ ರಾತ್ರಿ ಮೂರಕ್ಕೂ ಯಾರಾದರೂ ಎದ್ದಿರುತ್ತಾರೆ.