ಘಾಟಿ ಇಳಿದಾಗ 22, ಹತ್ತಿದಾಗ 15: ಡ್ಯಾಶ್‌ಬೋರ್ಡಿನ ಮೈಲೇಜು ಮತ್ತು ಬಂಕಿನ ಲೆಕ್ಕ

ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ಮಾರ್ಗವಾಗಿ ಉಡುಪಿಗೆ ಹೋಗುವಾಗ ಡ್ಯಾಶ್‌ಬೋರ್ಡು ಲೀಟರಿಗೆ 22 ಕಿ.ಮೀ. ತೋರಿಸಿತು, ಅದೇ ದಾರಿಯಲ್ಲಿ ಮರಳುವಾಗ 15 ತೋರಿಸಿತು, ಎರಡನ್ನೂ ಕೂಡಿ ಅರ್ಧ ಮಾಡಿದರೆ 18.5 ಬರಬೇಕಾದಲ್ಲಿ ಬಂಕಿನಲ್ಲಿ ಹಾಕಿಸಿದ ಪೆಟ್ರೋಲಿನ ಲೆಕ್ಕಕ್ಕೆ 16.8 ಮಾತ್ರ ಬಂತು ಎಂದು ತಾವು ಬರೆದಿದ್ದೀರಿ. ಮೀಟರು ಕೆಟ್ಟಿದೆಯೋ, ಬಂಕಿನಲ್ಲಿ ಅಳತೆ ಕಡಿಮೆಯಾಯಿತೋ, ಸರ್ವೀಸಿನವರು ಹೇಳಿದಂತೆ ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಕ್ಲೀನ್ ಮಾಡಿಸಬೇಕೋ ಎಂಬುದು ತಮ್ಮ ಪ್ರಶ್ನೆ. ತಾವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು ನೋಡಿದರೆ ಈ ಮೂರರಲ್ಲಿ ಯಾವುದೂ ಆಗಿರುವಂತೆ ನನಗೆ ಕಾಣುವುದಿಲ್ಲ.

ಮೊದಲು ಸರಾಸರಿಯನ್ನು ಸರಿಪಡಿಸಿಕೊಳ್ಳೋಣ. ಹೋಗುವ ದಾರಿ ಸುಮಾರು 90 ಕಿ.ಮೀ. ಎಂದಿಟ್ಟುಕೊಂಡರೆ, ಲೀಟರಿಗೆ 22ರಂತೆ ಅದಕ್ಕೆ ಹಿಡಿದ ಪೆಟ್ರೋಲು 4.1 ಲೀಟರ್, ಬರುವಾಗ 15ರಂತೆ 6 ಲೀಟರ್. ಒಟ್ಟು 180 ಕಿ.ಮೀ.ಗೆ 10.1 ಲೀಟರ್, ಅಂದರೆ ಲೀಟರಿಗೆ 17.8. ಮೈಲೇಜಿನ ಅಂಕಿಗಳನ್ನು ನೇರವಾಗಿ ಕೂಡಿ ಭಾಗಿಸಬಾರದು. ದೂರವನ್ನು ಬೇರೆ, ಲೀಟರನ್ನು ಬೇರೆ ಕೂಡಿ ಆಮೇಲೆ ಭಾಗಿಸಬೇಕು. ಹೀಗೆ ಮಾಡಿದಾಗ ತಮ್ಮ ವ್ಯತ್ಯಾಸ 1.7ರಿಂದ 1ಕ್ಕೆ ಇಳಿಯುತ್ತದೆ. ಒಂದೊಂದು ಪಯಣದ ದೂರ ತೋರಿಸುವ ಟ್ರಿಪ್ ಮೀಟರನ್ನು, ಅಂದರೆ ಟ್ರಿಪ್ ಎ ಯನ್ನು, ಹೊರಡುವಾಗ ಒಮ್ಮೆ ಸೊನ್ನೆಗೆ ತಂದು ಮನೆ ಮುಟ್ಟುವವರೆಗೂ ಮುಟ್ಟದೆ ಬಿಟ್ಟಿದ್ದರೆ ಕಾರೇ ಈ ಲೆಕ್ಕವನ್ನು ಮಾಡಿ ಕೊಡುತ್ತಿತ್ತು.

ಇನ್ನು 22 ಮತ್ತು 15ರ ನಡುವಿನ ಅಂತರ. ಉಡುಪಿ ಸಮುದ್ರದ ಮಟ್ಟಕ್ಕೆ ಹತ್ತಿರದ ಊರು, ಆಗುಂಬೆ ಸುಮಾರು 650 ಮೀಟರ್ ಎತ್ತರದಲ್ಲಿದೆ. ಜನರೂ ಸೇರಿ 1,200 ಕಿಲೊ ತೂಗುವ ಕಾರನ್ನು 600 ಮೀಟರ್ ಮೇಲಕ್ಕೆ ಒಯ್ಯಲು ಸುಮಾರು 7 ಮೆಗಾಜೂಲ್ ಶಕ್ತಿ ಬೇಕು. ಈಗಿನ ಒಂದು ಲೀಟರ್ ಪೆಟ್ರೋಲಿನಲ್ಲಿ 30 ಮೆಗಾಜೂಲಿನ ಆಸುಪಾಸು ಶಕ್ತಿ ಇದ್ದರೂ ಎಂಜಿನ್ನು ಅದರ ನಾಲ್ಕನೇ ಒಂದು ಭಾಗದಷ್ಟನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆ ಎಂದು ಹಿಡಿದರೆ, ಎತ್ತರ ಏರುವುದಕ್ಕೆಂದೇ ಹೆಚ್ಚುಕಡಿಮೆ ಒಂದು ಲೀಟರ್ ಖರ್ಚಾಗುತ್ತದೆ. ಇಳಿಯುವಾಗ ಅದರಲ್ಲಿ ಒಂದಷ್ಟು ಉಳಿತಾಯವಾಗಿ ಮರಳುತ್ತದೆ, ಉಳಿದದ್ದು ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ತಮ್ಮ ಎರಡು ಪಯಣಗಳ ನಡುವಿನ 1.9 ಲೀಟರ್ ವ್ಯತ್ಯಾಸದ ಬಹುಪಾಲು ಇಷ್ಟರಲ್ಲೇ ಮುಗಿಯಿತು. ರಾಷ್ಟ್ರೀಯ ಹೆದ್ದಾರಿ 169ಎ ಯ ಆ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಬಸ್ಸಿನ ಹಿಂದೆ ಹತ್ತಿದರೆ ಕ್ಷಣಕ್ಷಣದ ಮೈಲೇಜು ತೋರಿಸುವ ಪಟ್ಟಿ 5, 6ಕ್ಕೆ ಇಳಿಯುವುದು ಸಹಜ. ಹುಲಿಕಲ್ಲಿನಲ್ಲೂ ಕೊಲ್ಲೂರು ಘಾಟಿಯಲ್ಲೂ ಇದೇ ಕಥೆ.

ಇದೇ ಚರ್ಚೆಯಲ್ಲಿ ಒಬ್ಬ ಸದಸ್ಯರು ಘಾಟಿಯನ್ನು ನ್ಯೂಟ್ರಲ್‌ನಲ್ಲಿ ಇಳಿಸಿದರೆ ಮೈಲೇಜು ಇನ್ನೂ ಹೆಚ್ಚುತ್ತದೆ ಎಂದು ಸಲಹೆ ನೀಡಿದ್ದಾರೆ. ದಯವಿಟ್ಟು ಅದನ್ನು ಯಾರೂ ಪಾಲಿಸಬಾರದು. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದುಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಎಂಜಿನ್ನು ಸಾಕಷ್ಟು ವೇಗದಲ್ಲಿ ತಿರುಗುತ್ತಿರುವವರೆಗೆ ಇಂಜೆಕ್ಟರು ಪೂರ್ತಿ ಮುಚ್ಚಿಕೊಂಡು ಪೆಟ್ರೋಲು ನಿಂತೇಹೋಗುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಎಂಜಿನ್ನು ಆರದಂತೆ ಇಡಲು ಪೆಟ್ರೋಲು ಹರಿಯುತ್ತಲೇ ಇರಬೇಕಾಗುತ್ತದೆ. ಹೀಗೆ ಉಳಿತಾಯದ ದೃಷ್ಟಿಯಿಂದಲೂ ಅದು ನಷ್ಟ, ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುವುದರಿಂದ ಜೀವಕ್ಕೂ ಅಪಾಯ.

ಡ್ಯಾಶ್‌ಬೋರ್ಡು ಈ ಅಂಕಿಯನ್ನು ಎಲ್ಲಿಂದ ತರುತ್ತದೆ ಎಂಬುದು ಗೊತ್ತಿದ್ದರೆ ಅದನ್ನು ಎಷ್ಟು ನಂಬಬೇಕೆಂಬುದೂ ತಿಳಿಯುತ್ತದೆ. ಟ್ಯಾಂಕಿನಲ್ಲಿ ತೇಲುತ್ತಾ ಪೆಟ್ರೋಲಿನ ಮಟ್ಟ ತಿಳಿಸುವ ಫ್ಲೋಟಿಗೂ ಸರಾಸರಿ ಮೈಲೇಜಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ಇಂಜೆಕ್ಟರು ಪ್ರತಿ ಸಲ ಎಷ್ಟು ಹೊತ್ತು ತೆರೆದಿತ್ತು ಎಂಬುದನ್ನು ಎಂಜಿನ್ನಿನ ಕಂಪ್ಯೂಟರು ಕೂಡುತ್ತಾ ಹೋಗಿ ಅದರಿಂದ ಲೀಟರನ್ನು ಅಂದಾಜಿಸುತ್ತದೆ. ಚಕ್ರದ ಸುತ್ತುಗಳಿಂದ ದೂರವನ್ನು ತಿಳಿಯುತ್ತದೆ. ಪೆಟ್ರೋಲನ್ನು ಅದು ಅಳೆಯುವುದಿಲ್ಲ, ಲೆಕ್ಕ ಹಾಕುತ್ತದೆ. ಆದ್ದರಿಂದ ಪರದೆಯ ಅಂಕಿ ಬಂಕಿನ ಅಂಕಿಗಿಂತ ಶೇ. 5ರಷ್ಟು, ಕೆಲವೊಮ್ಮೆ ಅದಕ್ಕೂ ತುಸು ಹೆಚ್ಚು, ಉದಾರವಾಗಿರುವುದು ಅನೇಕ ಕಾರುಗಳಲ್ಲಿ ಕಂಡುಬರುವ ಸಂಗತಿ. ತಮ್ಮ 17.8 ಮತ್ತು 16.8ರ ನಡುವಿನ ಅಂತರ ಶೇ. 6.

ಆ 16.8 ಕೂಡ ಅಷ್ಟು ಗಟ್ಟಿಯಾದ ಅಂಕಿಯಲ್ಲ. ತಾವು ಹಾಕಿಸಿದ್ದು ಸುಮಾರು 10.7 ಲೀಟರ್. ಬಂಕಿನ ನಳಿಕೆ ತಾನಾಗಿ ಕಟ್ ಆಗುವ ಹಂತ ಪೆಟ್ರೋಲು ಬೀಳುವ ವೇಗ, ನಳಿಕೆ ಇಟ್ಟ ಕೋನ, ಕಾರು ನಿಂತ ಜಾಗದ ಇಳಿಜಾರು ಇವುಗಳಿಂದ ಅರ್ಧ ಲೀಟರ್ ಆಚೀಚೆ ಆಗಬಹುದು. ನಮ್ಮ ಕಡೆ ಪೂರಾ ಸಮತಟ್ಟಾದ ಬಂಕು ಹುಡುಕಬೇಕಷ್ಟೆ. ಹಾಗೆ ಅರ್ಧ ಲೀಟರ್ ವ್ಯತ್ಯಾಸವಾಗಿದ್ದರೆ ತಮ್ಮ ನಿಜವಾದ ಮೈಲೇಜು 16.1ರಿಂದ 17.6ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅದೇ ಅರ್ಧ ಲೀಟರ್, 60 ಲೀಟರಿನ ಲೆಕ್ಕದಲ್ಲಿ ಶೇ. 1ಕ್ಕಿಂತಲೂ ಕಡಿಮೆ. ಆದ್ದರಿಂದ ಒಂದೇ ಬಂಕಿನ ಅದೇ ಪಂಪಿನಲ್ಲಿ, ಕಾರನ್ನು ಅದೇ ದಿಕ್ಕಿಗೆ ನಿಲ್ಲಿಸಿ, ಮೊದಲ ಕಟ್ ಆದೊಡನೆ ನಿಲ್ಲಿಸುವಂತೆ ಹೇಳಿ ಫುಲ್ ಮಾಡಿಸಿ, ಟ್ರಿಪ್ ಎ ಯನ್ನು ಸೊನ್ನೆ ಮಾಡಿ. ಮುಂದಿನ ಎರಡು ಮೂರು ಸಲವೂ ಹಾಗೆಯೇ ಫುಲ್ ಮಾಡಿಸಿ ಬಿಲ್ಲುಗಳನ್ನು ತೆಗೆದಿಡಿ. ಮೊದಲ ಬಿಲ್ಲನ್ನು ಬಿಟ್ಟು ಉಳಿದ ಲೀಟರುಗಳನ್ನು ಕೂಡಿ ಒಟ್ಟು ದೂರವನ್ನು ಅದರಿಂದ ಭಾಗಿಸಿ. ಸಾವಿರಕ್ಕೋ ಎರಡು ಸಾವಿರಕ್ಕೋ ಹಾಕಿಸುವ ಅಭ್ಯಾಸದಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲು ತುಂಬಿಸಿಕೊಳ್ಳುವುದು ಬೇಡ, ಪೆಟ್ರೋಲಿನ ಆವಿಯನ್ನು ಹಿಡಿಯುವ ಇದ್ದಿಲಿನ ಡಬ್ಬಿಗೆ ದ್ರವವೇ ನುಗ್ಗಿ ಅದು ಹಾಳಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಬಂಕಿನ ಮೇಲೆ ಅನುಮಾನ ಉಳಿದರೆ ಅಲ್ಲಿಯ 5 ಲೀಟರ್ ಅಳತೆ ಪಾತ್ರೆಯನ್ನು ತರಿಸಿ ತಮ್ಮ ಎದುರಿನಲ್ಲೇ ಅಳೆದು ತೋರಿಸಲು ಕೇಳಬಹುದು. ಅದು ಗ್ರಾಹಕರ ಹಕ್ಕು.

ದೂರದ ಅಂಕಿಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಟೈರ್ ಬದಲಿಸುವಾಗ ಕಂಪನಿ ಕೊಟ್ಟ 185/65 ಆರ್15ರ ಬದಲು 195/65 ಆರ್15 ಹಾಕಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ, ತೋಟದ ರಸ್ತೆಯಲ್ಲಿ ತಳ ತಾಗುವುದಿಲ್ಲ ಎಂಬ ಕಾರಣಕ್ಕೆ. ಆ ಟೈರಿನ ವ್ಯಾಸ ಶೇ. 2ರಷ್ಟು ದೊಡ್ಡದು; ಮೀಟರು 500 ತೋರಿಸುವಾಗ ಕಾರು ಓಡಿರುವುದು 510. ಸವೆದ ಟೈರಿನಲ್ಲಿ ಇದು ತಿರುಗುಮುರುಗಾಗುತ್ತದೆ. ಶಿವಮೊಗ್ಗ–ಸಾಗರ ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು 20, 30 ಕಿ.ಮೀ. ಓಡಿಸಿ ಟ್ರಿಪ್ ಮೀಟರಿನೊಂದಿಗೆ ಹೋಲಿಸಿದರೆ ಸಾಕು. ಸ್ಪೀಡೋಮೀಟರು ವೇಗವನ್ನು ತುಸು ಹೆಚ್ಚಿಗೆ ತೋರಿಸುವಂತೆ ಹೊಂದಿಸಿರುತ್ತಾರೆ. ಅದನ್ನು ನೋಡಿ ಓಡಿದ ದೂರ ತೋರಿಸುವ ಓಡೋಮೀಟರೂ ಹೆಚ್ಚು ತೋರಿಸುತ್ತದೆ ಎಂದು ತೀರ್ಮಾನಿಸಬಾರದು.

ಇನ್ನೆಷ್ಟು ದೂರ ಓಡಬಹುದು ಎಂಬ ಅಂಕಿ ಘಾಟಿ ಹತ್ತುವಾಗ ಏಕಾಏಕಿ ಕುಸಿಯಿತು ಎಂದಿರಿ. ಅದು ಟ್ಯಾಂಕಿನ ಫ್ಲೋಟಿನ ಅಂಕಿಯನ್ನು ಇತ್ತೀಚಿನ ಮೈಲೇಜಿನಿಂದ ಗುಣಿಸಿದ್ದು, ಹಾಗಾಗಿ ಏರಿನಲ್ಲಿ ಎರಡೂ ಕಡೆಯಿಂದ ಏರುಪೇರಾಗುತ್ತದೆ. ಮಳೆಗಾಲದ ರಾತ್ರಿ ಅದನ್ನು ನಂಬಿ ಆಗುಂಬೆ ಕಡೆ ಹೊರಡುವುದಕ್ಕಿಂತ ತೀರ್ಥಹಳ್ಳಿಯಲ್ಲೇ ತುಂಬಿಸಿಕೊಳ್ಳುವುದು ಲೇಸು.

ಕಂಪನಿಯ ಜಾಹೀರಾತಿನ ಮೈಲೇಜನ್ನು ಈ ಲೆಕ್ಕಕ್ಕೆ ತರಬೇಡಿ, ಅದು ಪ್ರಯೋಗಾಲಯದ ರೋಲರುಗಳ ಮೇಲೆ ಓಡಿಸಿ ಪಡೆದದ್ದು. ಹಿಂದಿನ ವರ್ಷಗಳ ತಮ್ಮದೇ ಅಂಕಿಯೊಂದಿಗೆ ಹೋಲಿಸುವಾಗ ಮಾತ್ರ ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ ಎಂಬುದು ನೆನಪಿರಲಿ. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನದರ ಮೂರನೇ ಎರಡು ಭಾಗದಷ್ಟೇ. ಶೇ. 10 ಎಥನಾಲ್ ಇರುವ ಪೆಟ್ರೋಲಿಗೆ (ಇ10) ಹೊಂದಿಸಿದ ಹಳೆಯ ಕಾರುಗಳಲ್ಲಿ ಮೈಲೇಜು ಶೇ. 6–7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು.

ಇಂಜೆಕ್ಟರ್ ಕ್ಲೀನಿಂಗಿಗೆ ಈಗ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಮೇಲೆ ಹೇಳಿದಂತೆ ಮೂರು ಫುಲ್ ಟ್ಯಾಂಕಿನ ಲೆಕ್ಕ ಇಟ್ಟು, ಅದೇ ಬಗೆಯ ಓಡಾಟದಲ್ಲಿ ಅದು ಮುಂದೆ ಯಾವಾಗಲಾದರೂ ಲೀಟರಿಗೆ ಎರಡು ಕಿ.ಮೀ.ಗಿಂತ ಹೆಚ್ಚು ಕುಸಿದರೆ ಆಗ ಹುಡುಕಲು ಕಾರಣವಿದೆ. ಆಗಲೂ ಮೊದಲು ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ನೋಡಿಸಿ, ಏರ್ ಫಿಲ್ಟರ್ ತೆಗೆದು ನೋಡಿ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಹಲವು ದಿನ ನಿಲ್ಲಿಸಿದ ಕಾರುಗಳಲ್ಲಿ ಹಿಂದಿನ ಬ್ರೇಕು ಅಂಟಿಕೊಂಡು ಎಳೆಯುತ್ತಿರುತ್ತದೆ, ನಾಲ್ಕಾರು ಕಿ.ಮೀ. ಸಮತಟ್ಟಿನಲ್ಲಿ ಬ್ರೇಕ್ ಹೆಚ್ಚು ಒತ್ತದೆ ಓಡಿಸಿ ನಿಲ್ಲಿಸಿ, ಚಕ್ರಗಳ ಬಳಿ ಮುಟ್ಟದೆ ಅಂಗೈ ಹಿಡಿದು ನೋಡಿದಾಗ ಹಿಂದಿನ ಒಂದು ಚಕ್ರದಿಂದ ಮಾತ್ರ ಹೆಚ್ಚು ಬಿಸಿ ಬಡಿದರೆ ಮೆಕ್ಯಾನಿಕ್ಕಿಗೆ ಆ ಚಕ್ರವನ್ನೇ ಮೊದಲು ಬಿಚ್ಚಲು ಹೇಳಿ.