ಒಂದೂವರೆ ವರ್ಷದ ಮಗುವಿಗೆ ಒಂದು ಊಟಕ್ಕೆ ಎಷ್ಟು ಬಡಿಸಬೇಕು?

ನೀವು ಕೇಳಿದ್ದು ಇಷ್ಟು: ಮಗಳಿಗೆ ಒಂದೂವರೆ ವರ್ಷ. ಒಂದು ವರ್ಷಕ್ಕೆ 9 ಕಿಲೋ ಇದ್ದವಳು ಈಗ 10 ಕಿಲೋ ಇದ್ದಾಳೆ. ನಾಲ್ಕೈದು ಚಮಚ ತಿಂದ ಮೇಲೆ ಬಾಯಿ ಬಿಗಿಹಿಡಿಯುತ್ತಾಳೆ. ಬಟ್ಟಲು ಖಾಲಿಯಾಗಲೇಬೇಕು ಎನ್ನುತ್ತಾರೆ ನಿಮ್ಮ ಅತ್ತೆ. ಒಂದು ಊಟಕ್ಕೆ ಇಷ್ಟು ಎಂದು ಯಾರಾದರೂ ಅಳತೆ ಹೇಳಬಲ್ಲರೇ?

ಅಳತೆ ಹೇಳುತ್ತೇನೆ. ಆದರೆ ಅದು ನೀವು ಬಡಿಸುವುದಕ್ಕೆ ಇರುವ ಅಳತೆ. ಅವಳು ತಿನ್ನುವುದಕ್ಕೆ ಅಳತೆ ಅವಳ ಹೊಟ್ಟೆಯಲ್ಲೇ ಇದೆ. ಈ ವ್ಯತ್ಯಾಸ ತಿಳಿಯದೆ ನಾನು ನನ್ನ ಮಗನ ಊಟದ ಹೊತ್ತನ್ನೆಲ್ಲ ಸುಮಾರು ಎಂಟು ತಿಂಗಳು ಹಾಳು ಮಾಡಿದೆ. ನಿಮಗೆ ಹಾಗಾಗಬಾರದೆಂದು ಮೊದಲು ಆ ಕಥೆಯನ್ನೇ ಹೇಳುತ್ತೇನೆ.

ನಾವು ಆಗ ಮುಂಬಯಿಯ ಚೆಂಬೂರಿನಲ್ಲಿ, ಲೋಕಲ್ ರೈಲಿನ ಹಾರ್ಬರ್ ಮಾರ್ಗದ ಹಳಿಗಳಿಗೆ ಮುಖ ಮಾಡಿದ ಒನ್ ರೂಮ್ ಕಿಚನ್ ಮನೆಯಲ್ಲಿದ್ದೆವು. ಕಿಟಕಿಯಿಂದ ಹೊರಚಾಚಿದ ಗ್ರಿಲ್‌ನೊಳಗೆ ದಿಂಬು ಹಾಕಿ ಮಗನನ್ನು ಕೂರಿಸುತ್ತಿದ್ದೆ. ಲೋಕಲ್ ಬಂತೆಂದರೆ ಅವನ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ತೆರೆದ ಬಾಯಿಗೆ ನಾನು ತುತ್ತು ಇಟ್ಟುಬಿಡುತ್ತಿದ್ದೆ. ವಾಶಿ ಕಡೆಗೆ ಹೋಗುವ ರೈಲಿಗೆ ಎರಡು ತುತ್ತು, ಸಿಎಸ್‌ಎಂಟಿ ಕಡೆಯದಕ್ಕೆ ಎರಡು ತುತ್ತು. ಹತ್ತು ರೈಲು ದಾಟುವಷ್ಟರಲ್ಲಿ ಬಟ್ಟಲು ಖಾಲಿಯಾಗುತ್ತಿತ್ತು, ಮುಕ್ಕಾಲು ಗಂಟೆ ಕಳೆದಿರುತ್ತಿತ್ತು. ಊರಿನಿಂದ ಅತ್ತೆ ಫೋನ್ ಮಾಡಿ "ಮಗು ಉಂಡಿತಾ?" ಎಂದು ಕೇಳಿದರೆ "ಪೂರ್ತಿ ಉಂಡ" ಎನ್ನುವ ಸಮಾಧಾನಕ್ಕೆ ಅಷ್ಟೆಲ್ಲ ಮಾಡುತ್ತಿದ್ದೆ.

ಒಂದು ಭಾನುವಾರ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ದಿನ. ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ನಮ್ಮ ಕಿಟಕಿಯ ಮುಂದೆ ಒಂದೂ ಗಾಡಿ ಇಲ್ಲ. ಮಗ ಹಳಿಯನ್ನು ನೋಡಿದ, ನನ್ನನ್ನು ನೋಡಿದ, ಬಾಯಿ ತೆರೆಯಲಿಲ್ಲ. ಅಂಗಲಾಚಿ ಸೋತು ಬಟ್ಟಲನ್ನು ಅವನ ಮುಂದಿಟ್ಟು ಸುಮ್ಮನೆ ಕುಳಿತೆ. ಆಗ ಅವನು ಮೊದಲ ಸಲ ಬಟ್ಟಲಿನೊಳಗೆ ಇಣುಕಿದ. ಕಲಸಿದ ಅನ್ನವನ್ನು ಬೆರಳಿನಿಂದ ಒತ್ತಿ ನೋಡಿದ, ಬೇಳೆ ಹತ್ತಿದ ಬೆರಳನ್ನು ಚೀಪಿದ, ಮತ್ತೆ ಕೈ ಹಾಕಿದ. ಆರೇಳು ಸಲ ಹಾಗೆ ತಿಂದ. ಆಮೇಲೆ ಅಗುಳುಗಳನ್ನು ಒಂದೊಂದಾಗಿ ಗ್ರಿಲ್‌ನ ಸರಳಿಗೆ ಅಂಟಿಸತೊಡಗಿದ. ಅಲ್ಲಿಗೆ ಊಟ ಮುಗಿದಿತ್ತು. ಬಟ್ಟಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ನಾಲ್ಕು ಗಂಟೆಗೆ ಅವನೇ ಅಡುಗೆಮನೆಗೆ ತೆವಳಿಕೊಂಡು ಬಂದು ಬಾಳೆಹಣ್ಣಿನತ್ತ ಕೈ ತೋರಿಸಿದ. ಇಡೀ ಹಣ್ಣು ತಿಂದ, ಮೇಲೆ ಅರ್ಧ ದೋಸೆ ತಿಂದ. ಹಸಿವಾಗಿ ಅವನು ಕೇಳಿದ್ದನ್ನು ನಾನು ಅದಕ್ಕಿಂತ ಮೊದಲು ಕಂಡೇ ಇರಲಿಲ್ಲ. ಹಸಿವಾಗಲು ನಾನು ಬಿಟ್ಟಿರಲಿಲ್ಲ.

ಈಗ ನೀವು ಕೇಳಿದ ಅಳತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಎದೆಹಾಲೂ ಕುಡಿಯುತ್ತಿರುವ ಒಂದರಿಂದ ಎರಡು ವರ್ಷದ ಮಗುವಿಗೆ ಒಂದು ಊಟಕ್ಕೆ 250 ಮಿ.ಲೀ. ಹಿಡಿಯುವ ಬಟ್ಟಲಿನ ಮುಕ್ಕಾಲು ಭಾಗದಿಂದ ಒಂದು ಬಟ್ಟಲು. ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಲ ಹಣ್ಣೋ ಇಡ್ಲಿಯೋ ಏನಾದರೂ. ಎದೆಹಾಲು ಬಿಟ್ಟಿದ್ದರೆ ಇನ್ನೂ ಒಂದೆರಡು ಸಲ ಹೆಚ್ಚು ಕೊಡಬೇಕು, ಜೊತೆಗೆ ಒಂದೆರಡು ಲೋಟ ಹಾಲು. ನಿಮ್ಮ ಮನೆಯ ಬಟ್ಟಲನ್ನು ಒಮ್ಮೆ ನೀರು ತುಂಬಿ ಅಳೆಯಿರಿ. ಇಲ್ಲಿನ ಸ್ಟೀಲ್ ಅಂಗಡಿಗಳಲ್ಲಿ ವಾಟಿ ಎಂದು ಮಾರುವುದರಲ್ಲಿ 100 ಮಿ.ಲೀ.ನದೂ ಇದೆ, 300ರದೂ ಇದೆ. "ಒಂದು ಬಟ್ಟಲು" ಎಂದು ಅತ್ತೆ ಹೇಳುವುದೂ ನೀವು ತಿಳಿದುಕೊಂಡದ್ದೂ ಬೇರೆ ಬೇರೆ ಇರಬಹುದು. ನಾನು ಮಾಡುತ್ತಿದ್ದುದು ಇನ್ನೂ ಸುಲಭ: ವಯಸ್ಸು ಎಷ್ಟು ವರ್ಷವೋ ಪ್ರತಿ ಪದಾರ್ಥದಲ್ಲಿ ಅಷ್ಟು ದೊಡ್ಡ ಚಮಚ ಬಡಿಸುವುದು. ಅನ್ನ ಒಂದೂವರೆ ಚಮಚ, ತೊವ್ವೆ ಒಂದೂವರೆ, ಪಲ್ಯ ಒಂದೂವರೆ. ಮುಗಿದ ಮೇಲೆ ಮತ್ತೆ ಕೇಳಿದರೆ ಮತ್ತೆ ಬಡಿಸುವುದು, ಎಷ್ಟು ಸಲ ಕೇಳಿದರೂ. ತುಂಬಿದ ಬಟ್ಟಲು ಕಂಡರೆ ಮಗುವಿಗಿಂತ ಮೊದಲು ನಾವು ಹೆದರುತ್ತೇವೆ.

ಪ್ರಮಾಣಕ್ಕಿಂತ ಹದ ಮುಖ್ಯ. ಚಮಚ ಓರೆ ಮಾಡಿದರೆ ತಟ್ಟನೆ ಸುರಿದುಹೋಗುವಷ್ಟು ತೆಳುವಾದ ಗಂಜಿಯಿಂದ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಬೇಳೆಯ ತಿಳಿನೀರು ಕೊಟ್ಟು "ಬೇಳೆ ಕೊಟ್ಟೆ" ಎನ್ನುವುದೂ ಹಾಗೆಯೇ. ಬೇಳೆಯನ್ನೇ ಅರೆದು, ಒಂದು ಚಮಚ ತುಪ್ಪ ಹಾಕಿ, ಚಮಚದಲ್ಲಿ ನಿಲ್ಲುವ ಹಾಗೆ ಕಲಸಿ. ಆಗ ಐದು ಚಮಚವೂ ಸಣ್ಣ ಊಟವಲ್ಲ.

ಒಂದು ವರ್ಷದ ನಂತರ ಹಸಿವು ಕಡಿಮೆಯಾಗುವುದು ಸಹಜ ಎಂದು ನಮಗೆ ಯಾರೂ ಮೊದಲೇ ಹೇಳುವುದಿಲ್ಲ. ಸುಮಾರು 3 ಕಿಲೋ ಹುಟ್ಟಿದ ಮಗು ಮೊದಲ ವರ್ಷದಲ್ಲಿ ಮೂರು ಪಟ್ಟಾಗುತ್ತದೆ, ಅಂದರೆ 6 ಕಿಲೋ ಏರುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೋ ಅಷ್ಟೇ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ನಿಮ್ಮ ಮಗಳು ಆರು ತಿಂಗಳಲ್ಲಿ ಒಂದು ಕಿಲೋ ಏರಿದ್ದಾಳೆ. ಹೆಣ್ಣುಮಕ್ಕಳ ಬೆಳವಣಿಗೆಯ ಪಟ್ಟಿಯಲ್ಲಿ ಒಂದೂವರೆ ವರ್ಷಕ್ಕೆ ನಡುಗೆರೆ ಇರುವುದು 10 ಕಿಲೋದ ಆಸುಪಾಸಿನಲ್ಲಿಯೇ. "ನಾಲ್ಕೈದು ಚಮಚ" ತಿಂದೇ ಅವಳು ಅಲ್ಲಿಗೆ ಬಂದಿದ್ದಾಳೆ ಎನ್ನುವುದನ್ನು ಗಮನಿಸಿ. ಆ ಪಟ್ಟಿ ಪರದೇಶದ್ದು, ನಮ್ಮ ಮಕ್ಕಳಿಗೆ ಹೊಂದುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಅದನ್ನು ಹೊರತರುವಾಗ ಆರು ದೇಶಗಳ ಮಕ್ಕಳನ್ನು ಅಳೆದಿತ್ತು, ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ತಾಯಿ-ಮಗು ಕಾರ್ಡಿನಲ್ಲಿರುವ ಗೆರೆಗಳು ಅವೇ.

ಇನ್ನು ಹಾಲಿನ ಮಾತು. ಇದನ್ನು ನೀವು ಬರೆದಿಲ್ಲ, ನಾನೂ ವೈದ್ಯರಿಗೆ ಹೇಳಿರಲಿಲ್ಲ. ಮಗ ಏನೇನು ತಿನ್ನುವುದಿಲ್ಲ ಎಂದು ನಾನು ಉದ್ದಕ್ಕೆ ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕುಡಿಯುವುದೇನು?" ತಬೇಲದಿಂದ, ಅಂದರೆ ಎಮ್ಮೆ ಕೊಟ್ಟಿಗೆಯಿಂದ ಬರುವ ಎಮ್ಮೆ ಹಾಲು, ದಿನಕ್ಕೆ ಮೂರು ಬಾಟಲಿ. ಅವರು ಔಷಧಿ ಚೀಟಿಯ ಹಿಂಬದಿಯಲ್ಲೇ ಲೆಕ್ಕ ಹಾಕಿ ತೋರಿಸಿದರು. ಬಾಟಲಿಗೆ 200 ಮಿ.ಲೀ. ಎಂದರೆ 600 ಮಿ.ಲೀ. ಎಮ್ಮೆ ಹಾಲಿನಲ್ಲಿ 100 ಮಿ.ಲೀ.ಗೆ ಹತ್ತಿರ ಹತ್ತಿರ 100 ಕ್ಯಾಲರಿ. ಆ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1,000 ಕ್ಯಾಲರಿ. ಅರ್ಧಕ್ಕಿಂತ ಹೆಚ್ಚನ್ನು ಬಾಟಲಿಯಲ್ಲೇ ಮುಗಿಸಿದ ಮಗು ಅನ್ನಕ್ಕೆ ಬಾಯಿ ಏಕೆ ತೆರೆಯಬೇಕು? ಸಾಲದ್ದಕ್ಕೆ ಹಾಲಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ; ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮಕ್ಕಳಿಗೆ ರಕ್ತಹೀನತೆ ಬರುತ್ತದೆ. ನನ್ನ ಮಗನಿಗೂ ಬಂದಿತ್ತು, ಕೆಲವು ತಿಂಗಳು ಕಬ್ಬಿಣದ ಔಷಧಿ ಹಾಕಬೇಕಾಯಿತು. ಹಾಲನ್ನು ಎರಡು ಸಣ್ಣ ಲೋಟಕ್ಕೆ ಇಳಿಸಿ, ಅದನ್ನೂ ಊಟವಾದ ಮೇಲೆ ಕೊಡತೊಡಗಿದೆ. ಮೊದಲ ನಾಲ್ಕು ದಿನ ಅತ್ತ. ಎರಡನೆಯ ವಾರದಲ್ಲಿ ತಟ್ಟೆಗೆ ಕೈ ಹಾಕಿದ. ಊಟಕ್ಕೆ ಅರ್ಧ ಗಂಟೆ ಮೊದಲು "ಪಾಪ, ಹಸಿವಾಗಿರಬೇಕು" ಎಂದು ಕೊಡುವ ಗ್ಲೂಕೋಸ್ ಬಿಸ್ಕತ್ತೂ ಇದೇ ಕೆಲಸ ಮಾಡುತ್ತದೆ.

ಸಾಕೆನ್ನುವುದನ್ನು ಗುರುತಿಸಲು ನನಗೆ ಕಲಿಸಿದವರು ಪಾಳಣಾಘರದ (ಮಕ್ಕಳನ್ನು ಹಗಲು ನೋಡಿಕೊಳ್ಳುವ ಮನೆಯ) ಕಾಕು, ಅಂದರೆ ಚಿಕ್ಕಮ್ಮ. ಕೆಲಸಕ್ಕೆ ಹಿಂದಿರುಗಿದಾಗ ಮಗನನ್ನು ಅವರಲ್ಲಿ ಬಿಡುತ್ತಿದ್ದೆ. ಒಂದು ದಿನ ಮಧ್ಯಾಹ್ನವೇ ಕರೆದುಕೊಂಡು ಬರಲು ಹೋದರೆ ಆರು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕುಳಿತಿದ್ದವು. ಕಾಕು ಪ್ರತಿ ತಟ್ಟೆಗೆ ಒಂದು ಸಣ್ಣ ಸೌಟು ವರಣ್-ಭಾತ್ (ತೊವ್ವೆ ಅನ್ನ) ಹಾಕಿ, ಮೇಲೆ ತುಪ್ಪ ಬಿಟ್ಟು, ತಾವೂ ಒಂದು ತಟ್ಟೆ ಹಿಡಿದು ಎದುರು ಕುಳಿತರು. "ಏಕ್ ಘಾಸ್ ಚಿವೂಚಾ, ಏಕ್ ಘಾಸ್ ಕಾವೂಚಾ" ಎಂದು ಗುಬ್ಬಿಗೊಂದು ಕಾಗೆಗೊಂದು ತುತ್ತು ಎಣಿಸುತ್ತಾ ತಮ್ಮ ಬಾಯಿಗೇ ಇಟ್ಟುಕೊಳ್ಳುತ್ತಿದ್ದರು! ತಟ್ಟೆ ಖಾಲಿಯಾದವರನ್ನು "ಆಣಖೀ?" (ಇನ್ನೂ ಬೇಕಾ?) ಎಂದು ಕೇಳುತ್ತಿದ್ದರು. ಹೂಂ ಎಂದರೆ ಬಡಿಸುತ್ತಿದ್ದರು. ಬೇಡವೆಂದು ತಲೆಯಾಡಿಸಿದರೆ ಒಂದು ಮಾತಿಲ್ಲದೆ ತಟ್ಟೆ ತೆಗೆದು ಬಾಯಿ ಒರೆಸುತ್ತಿದ್ದರು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಮುಖ ತಿರುಗಿಸುವುದು, ತುಟಿ ಬಿಗಿಯುವುದು, ಚಮಚ ತಳ್ಳುವುದು, ಅನ್ನದಲ್ಲಿ ಆಟ ಶುರುವಾಗುವುದು, ಇವೆಲ್ಲ ಮಾತು ಬಾರದ ಮಗು "ಸಾಕು" ಎನ್ನುವ ರೀತಿ. ನಿಮ್ಮ ಮಗಳು ಅದನ್ನು ಸ್ಪಷ್ಟವಾಗಿಯೇ ಹೇಳುತ್ತಿದ್ದಾಳೆ. ಆಮೇಲೆ ಮೊಬೈಲ್ ತೋರಿಸಿ ತುರುಕಿದರೆ ಅದು ನನ್ನ ಲೋಕಲ್ ರೈಲಿನ ಕೆಲಸವೇ.

ಮಗುವಿಗೆ ಅಷ್ಟು ತಿಳಿಯುತ್ತದೆಯೇ ಎಂದು ಅತ್ತೆ ಕೇಳಬಹುದು. ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್ 1926ರಿಂದ ಹಲವು ವರ್ಷ 15 ಮಕ್ಕಳಿಗೆ ತಮ್ಮ ಊಟವನ್ನು ತಾವೇ ಆರಿಸಿಕೊಳ್ಳಲು ಬಿಟ್ಟು ನೋಡಿದರು. ಮುಂದಿಟ್ಟದ್ದೆಲ್ಲ ಹಣ್ಣು, ತರಕಾರಿ, ಧಾನ್ಯ, ಹಾಲು, ಮೊಟ್ಟೆ, ಮಾಂಸದಂಥ ಸಾದಾ ಆಹಾರ. ಸಕ್ಕರೆಯೂ ಇಲ್ಲ, ಡಬ್ಬಿಯ ತಿಂಡಿಯೂ ಇಲ್ಲ. ಮಗು ಕೈ ಚಾಚುವವರೆಗೆ ದಾದಿಯರು ಚಮಚ ಎತ್ತುವಂತಿರಲಿಲ್ಲ. ಒಂದೊಂದು ಮಗು ತಿಂದದ್ದು ಒಂದೊಂದು ಬಗೆ, ಒಂದೊಂದು ಹೊತ್ತಿನ ಊಟ ನೋಡಿದರೆ ಯಾವ ತಾಯಿಯೂ ಗಾಬರಿಯಾಗಬೇಕು, ಆದರೆ ಮಕ್ಕಳು ಚೆನ್ನಾಗಿ ಬೆಳೆದರು. ಮುಂದೆ ಏನಿಡಬೇಕೆನ್ನುವುದು ದೊಡ್ಡವರ ಕೈಯಲ್ಲಿತ್ತು ಎನ್ನುವುದನ್ನು ಮರೆಯಬಾರದು. 1991ರಲ್ಲಿ ಅಮೆರಿಕದ ಸಂಶೋಧಕಿ ಲಿಯಾನ್ ಬರ್ಚ್ ಮತ್ತು ಸಂಗಡಿಗರು ಎರಡರಿಂದ ಐದು ವರ್ಷದ ಮಕ್ಕಳು ತಿಂದದ್ದನ್ನು ಆರು ದಿನ ತೂಗಿ ನೋಡಿದಾಗ ಕಂಡದ್ದೂ ಇದೇ: ಊಟದಿಂದ ಊಟಕ್ಕೆ ಭಾರಿ ಏರುಪೇರು, ಇಡೀ ದಿನದ ಒಟ್ಟು ಮಾತ್ರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಂದು ಬಟ್ಟಲನ್ನು ನೋಡಿ ಕಣ್ಣೀರು ಹಾಕಬೇಡಿ. ಬೇಕಾದರೆ ಒಂದು ವಾರ ಬರೆದಿಡಿ.

ಆದರೆ ಎಲ್ಲವನ್ನೂ ಮಗುವಿಗೇ ಬಿಟ್ಟು ಕೂರಬಾರದ ಸಂದರ್ಭಗಳಿವೆ. ಕಾರ್ಡಿನಲ್ಲಿ ತೂಕದ ಗೆರೆ ಕೆಳಗಿಳಿಯುತ್ತಿದ್ದರೆ, ಎರಡು ಮೂರು ತಿಂಗಳು ತೂಕ ಏರದಿದ್ದರೆ, ಅಂಗೈ ಬಿಳಿಚಿಕೊಂಡಿದ್ದರೆ, ಮಣ್ಣು ಸುಣ್ಣ ತಿನ್ನುತ್ತಿದ್ದರೆ, ನುಂಗುವಾಗ ಕೆಮ್ಮಿ ಉಸಿರುಕಟ್ಟಿದಂತಾದರೆ, ವಾಂತಿ ಭೇದಿ ನಿಲ್ಲದಿದ್ದರೆ ಕಾಯದೆ ವೈದ್ಯರಲ್ಲಿಗೆ ಹೋಗಿ. ದಿನ ತುಂಬುವ ಮೊದಲೇ ಹುಟ್ಟಿದ ಅಥವಾ ಈಗಾಗಲೇ ತೂಕ ಕಡಿಮೆ ಇರುವ ಮಗುವಿಗೆ ಅವರು ಹೇಳಿದ ಅಳತೆಯೇ ಸರಿ. ಜ್ವರದಲ್ಲಿ ಮಕ್ಕಳು ಊಟ ಬಿಡುತ್ತಾರೆ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಡಿ, ಕಳೆದುಕೊಂಡದ್ದನ್ನು ಆಗ ತಿಂದು ತುಂಬಿಕೊಳ್ಳುತ್ತಾರೆ.

ಅತ್ತೆಯವರ ಜೊತೆ ವಾದಕ್ಕಿಳಿಯಬೇಡಿ. ಅವರ ಕಾಲದಲ್ಲಿ ಮಗು ಸೊರಗುವುದೆಂದರೆ ನಿಜವಾದ ಭಯವಾಗಿತ್ತು. ಊರಿನಿಂದ ಬಂದಾಗ ನಮ್ಮ ಅತ್ತೆಗೆ ನಾನು ಕೊಟ್ಟ ಕೆಲಸ ರಾಗಿ ಮಣ್ಣಿ ಮಾಡುವುದು, ಮೊಮ್ಮಗನ ಪಕ್ಕದಲ್ಲಿ ಕುಳಿತು ತಾವೂ ಉಣ್ಣುವುದು. ಒಂದು ತಿಂಗಳ ನಂತರ ಅವರೇ ತೂಕ ಮಾಡಿಸಲು ಅವನನ್ನು ಎತ್ತಿಕೊಂಡು ಹೋದರು.

ನೀವು ಇಷ್ಟು ಮಾಡಿ: ಮಗಳು ದಿನಕ್ಕೆ ಎಷ್ಟು ಹಾಲು ಕುಡಿಯುತ್ತಾಳೆ, ಅದು ಆಕಳದೋ ಎಮ್ಮೆಯದೋ, ರಾತ್ರಿ ಬಾಟಲಿ ಇದೆಯೋ, ಎದೆಹಾಲು ಇನ್ನೂ ಇದೆಯೋ ಎಂದು ತಿಳಿಸಿ. ಊಟಕ್ಕೆ ಮೊದಲಿನ ಒಂದು ಗಂಟೆಯಲ್ಲಿ ಬಾಯಿಗೆ ಏನು ಹೋಗುತ್ತದೆ ಎನ್ನುವುದನ್ನೂ ಬರೆಯಿರಿ. ನಾಳೆ ರಾತ್ರಿ ಮಗ ಮಲಗಿದ ಮೇಲೆ ನೋಡಿ ಉತ್ತರಿಸುತ್ತೇನೆ.